ಪ್ರೊಸೆಸರ್‌ನ ವೇಗ, ಏಪ್ರಿಲ್ ಬಿಸಿಲಿನ ಲೆಕ್ಕ

2011ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಕಂಪ್ಯೂಟರ್ ಬಿಡಿಭಾಗ ಕೊಳ್ಳಲು ಹೋಗುತ್ತಿದ್ದ ಹುಡುಗರ ಚೀಟಿಯಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಾಣುತ್ತಿತ್ತು: ಇಂಟೆಲ್ ಕೋರ್ ಐ5-2500ಕೆ. ಆ ವರ್ಷದ ಜನವರಿಯಲ್ಲಿ ಹೊರಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಪ್ರೊಸೆಸರ್ ಅದು. ನಾಲ್ಕು ಕೋರ್, 3.3 ಗಿಗಾಹರ್ಟ್ಸ್ ವೇಗ, 95 ವಾಟ್ ಶಾಖ, ಇದು ಕಂಪನಿ ಕೊಟ್ಟ ಲೆಕ್ಕ. ಇದೇ ವೇಗದ, ಕೊನೆಯಲ್ಲಿ ‘ಕೆ’ ಇಲ್ಲದ 2500 ಕೂಡ ಇತ್ತು, ಬೆಲೆಯೂ ತುಸು ಕಡಿಮೆ. ಆದರೂ ಹುಡುಗರ ಕೈ ಹೋಗುತ್ತಿದ್ದದ್ದು ‘ಕೆ’ಯತ್ತ. ಆ ಅಕ್ಷರವಿದ್ದರೆ ಪ್ರೊಸೆಸರ್‌ನ ವೇಗ ನಿರ್ಧರಿಸುವ ಗುಣಕವನ್ನು, ಅಂದರೆ ಮಲ್ಟಿಪ್ಲೈಯರ್ ಅನ್ನು, ಕೊಂಡವರೇ ಬೇಕಾದಷ್ಟು ಏರಿಸಿ ನೋಡಬಹುದಿತ್ತು, ಕಂಪನಿ ಬರೆದ ವೇಗವನ್ನು ದಾಟಿಸಬಹುದಿತ್ತು. ಓವರ್‌ಕ್ಲಾಕಿಂಗ್ ಎನ್ನುವುದು ಇದಕ್ಕೇ.

ಬಸವನಗುಡಿಯ ಮೇಲ್ಮಹಡಿಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದ ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಆ ಅಕ್ಷರ ಬೇಕಾಗಿದ್ದದ್ದು ವಿಡಿಯೊ ಗೇಮ್ ಆಡಲಿಕ್ಕಲ್ಲ. ಅವನು ಮದುವೆ ವಿಡಿಯೊಗಳನ್ನು ಎಡಿಟ್ ಮಾಡಿಕೊಟ್ಟು ಓದಿನ ಖರ್ಚಿಗೆ ಕಾಸು ಮಾಡಿಕೊಳ್ಳುತ್ತಿದ್ದ. ವರಪೂಜೆ, ಧಾರೆ, ಆರತಕ್ಷತೆ, ಬೀಗರೂಟ ಎಲ್ಲ ಸೇರಿದರೆ ಗಂಟೆಗಟ್ಟಲೆ ಚಿತ್ರಣ. ಅದನ್ನು ಡಿವಿಡಿಗೆ ಒಗ್ಗುವ ಹಾಗೆ ಪರಿವರ್ತಿಸಲು ಹಳೆಯ ಕಂಪ್ಯೂಟರ್ ರಾತ್ರಿಯಿಡೀ ಗುರುಗುಡುತ್ತಿತ್ತು. ಮೆಷಿನ್ ವೇಗವಾಗಿ ದುಡಿದರೆ ಅವನಿಗೆ ಎರಡು ಗಂಟೆ ಹೆಚ್ಚು ನಿದ್ದೆ, ಗಿರಾಕಿಗೆ ಹೇಳಿದ ದಿನಕ್ಕೆ ಡಿವಿಡಿ.

ದುಡ್ಡು ಹೊಂದಿದ ಮೇಲೂ ಕಾಯಬೇಕಾಗಿ ಬಂತು. ಈ ಪ್ರೊಸೆಸರ್‌ಗೆ ಜೊತೆಯಾಗುವ 6 ಸರಣಿಯ ಚಿಪ್‌ಸೆಟ್‌ನಲ್ಲಿ ದೋಷವಿದೆ ಎಂದು ಜನವರಿ 31ರಂದು ಇಂಟೆಲ್ ತಾನೇ ಪ್ರಕಟಿಸಿತು. ಹಾರ್ಡ್‌ಡಿಸ್ಕ್ ಜೋಡಿಸುವ ಕೆಲವು ಸಾಟಾ ಪೋರ್ಟ್‌ಗಳು ಕಾಲ ಕಳೆದಂತೆ ಸೊರಗುವ ಸಾಧ್ಯತೆ ಇತ್ತು. ದುರಸ್ತಿಗೂ ಬದಲಿ ಕೊಡುವುದಕ್ಕೂ ಸುಮಾರು 70 ಕೋಟಿ ಡಾಲರ್ ತಗಲುತ್ತದೆ ಎಂದು ಕಂಪನಿ ಅಂದಾಜಿಸಿತು. ಕಾರಣ ಕೇಳಿದರೆ ಅಚ್ಚರಿಯಾಗುತ್ತದೆ: ಒಂದು ಟ್ರಾನ್ಸಿಸ್ಟರ್‌ಗೆ ಅದರ ತೆಳುವಾದ ಪದರ ತಾಳುವುದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿತ್ತು, ಅಷ್ಟೇ. ತಿದ್ದಿದ ಬಿ3 ಚಿಪ್‌ಸೆಟ್‌ನ ಬೋರ್ಡುಗಳು ಬಂದ ಮೇಲೆ ಅವನು ಪಿ67 ಮದರ್‌ಬೋರ್ಡ್ ಕೊಂಡ. ಅಗ್ಗದ ಎಚ್67 ಬೋರ್ಡಿನಲ್ಲಿ ‘ಕೆ’ ಕೂರಿಸಿದರೂ ಪ್ರೊಸೆಸರ್ ವೇಗ ಏರಿಸಲು ಆಗುತ್ತಿರಲಿಲ್ಲ. ಕಾದ ವಾರಗಳು ಓದಿಕೊಳ್ಳಲು ಒದಗಿದವು. ವೋಲ್ಟೇಜ್ ಎಂಬುದರ ಬಗ್ಗೆ ಮೊದಲ ಭಯ ಹುಟ್ಟಿದ್ದೂ ಆಗಲೇ.

ಓದಿದ್ದನ್ನು ಕೈಗೆ ಇಳಿಸಿಕೊಟ್ಟವರು ಗಾಂಧಿ ಬಜಾರ್ ಹತ್ತಿರ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟಿದ್ದ ಒಬ್ಬರು. ಬಂದವರೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಅವರು ಓವರ್‌ಕ್ಲಾಕಿಂಗ್ ಕಲಿತದ್ದು 1998ರ ಸೆಲೆರಾನ್ 300ಎ ಕಾಲದಲ್ಲಿ. ಆ ಪ್ರೊಸೆಸರ್ 66 ಮೆಗಾಹರ್ಟ್ಸ್ ಬಸ್‌ನ ನಾಲ್ಕೂವರೆ ಪಟ್ಟು, ಅಂದರೆ 300 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಬಸ್ ಅನ್ನು 100ಕ್ಕೆ ಏರಿಸಿದರೆ ಅದೇ ನಾಲ್ಕೂವರೆ ಪಟ್ಟಿಗೆ 450 ಆಗುತ್ತಿತ್ತು. ಕಡಿಮೆ ದುಡ್ಡಿನ ಪ್ರೊಸೆಸರ್ ದುಬಾರಿ ಪೆಂಟಿಯಂ 2ರ ಸಮಕ್ಕೆ ನಿಲ್ಲುತ್ತಿತ್ತು. ಆಮೇಲೆ ಎಎಂಡಿಯ ಅಥ್ಲಾನ್, ಡ್ಯೂರಾನ್ ಬಂದಾಗ ಚಿಪ್‌ನ ಮೇಲಿನ ಕಡಿದ ಸೇತುವೆಗಳ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ಮಲ್ಟಿಪ್ಲೈಯರ್ ಬಿಡಿಸುತ್ತಿದ್ದರು. ಪೆನ್ಸಿಲ್‌ನ ಗ್ರಾಫೈಟ್ ವಿದ್ಯುತ್ ಹಾಯಿಸುತ್ತದೆ, ಅದಕ್ಕೆ.

“ಅಣ್ಣಾ, ಕಂಪನಿಯವರೇ 3.3 ಅಂತ ಬರೆದಿರೋವಾಗ ಅದು 4 ಓಡೋದು ಹೇಗೆ ಹೇಳಿ?” ಎಂದು ಅವನು ಕೇಳಿದ.

“ಕಂಪನಿಯವರು ನಿನ್ನೊಬ್ಬನಿಗೆ ಮಾಡಿರಲ್ಲ ಕಣೋ. ಧೂಳು ಕೂತಿರೋ ಫ್ಯಾನು, ಕೆಟ್ಟ ಎಸ್‌ಎಂಪಿಎಸ್ಸು, ಗಾಳಿ ಆಡದ ಕ್ಯಾಬಿನೆಟ್ಟು, ಎಲ್ಲಾ ಕಡೆ ವರ್ಷಗಟ್ಟಲೆ ಓಡಬೇಕು ಅಂತ ಲೆಕ್ಕ ಹಾಕಿ ಬರೀತಾರೆ” ಎಂದರು ಅವರು.

ಮಾತು ಸರಿಯಾಗಿತ್ತು. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೂ ಪರಸ್ಪರ ಒಂದೇ ತರಹ ಇರುವುದಿಲ್ಲ. ಪರೀಕ್ಷಿಸಿ, ವಿಂಗಡಿಸಿ, ಬೇರೆ ಬೇರೆ ಹೆಸರು ಕೊಟ್ಟು ಮಾರುತ್ತಾರೆ. ಒಂದು ದರ್ಜೆಯಲ್ಲಿ ಅತಿ ದುರ್ಬಲವಾದ ಚಿಪ್ ಕೂಡ ಬರೆದ ವೇಗದಲ್ಲಿ ತಪ್ಪದೆ ನಡೆಯಬೇಕು, ಹಾಗಾಗಿ ಚೆನ್ನಾಗಿರುವ ಚಿಪ್‌ನಲ್ಲಿ ಒಂದಿಷ್ಟು ಶಕ್ತಿ ಬಳಸದೆ ಉಳಿದಿರುತ್ತದೆ. ತನ್ನ ಚಿಪ್‌ನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೊಂಡವನೇ ಅಳೆದು ತಿಳಿಯಬೇಕು.

ಅಣ್ಣ ಮೊದಲು ಹೇಳಿಕೊಟ್ಟದ್ದು ಹಿಂದಕ್ಕೆ ಬರುವ ದಾರಿ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟಿರುವ ಸಿಆರ್2032 ಬ್ಯಾಟರಿ ಎಲ್ಲಿದೆ, ಸೆಟ್ಟಿಂಗುಗಳನ್ನು ನೆನಪಿಡುವ ಸಿಮೋಸ್ ಅಳಿಸುವ ಜಂಪರ್ ಯಾವುದು, ಪವರ್ ವೈರು ಕಿತ್ತು ಎಷ್ಟು ಹೊತ್ತು ಬಿಡಬೇಕು ಎಂದು ತೋರಿಸಿದರು. ವೇಗ ಹೆಚ್ಚಾಗಿ ಕಂಪ್ಯೂಟರ್ ಎದ್ದೇಳದೆ ಹೋದರೆ ಇಷ್ಟು ಮಾಡಿದರೆ ಸಾಕು, ಬೋರ್ಡು ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತದೆ.

ಎರಡನೆಯದು ಇನ್ನೂ ಮುಖ್ಯವಾಗಿತ್ತು. ಗಿರಾಕಿಗಳ ವಿಡಿಯೊ ಇದ್ದ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿ ಇಡಿಸಿದರು. ಅಸ್ಥಿರ ಪ್ರೊಸೆಸರ್ ಯಾವಾಗಲೂ ನಿಂತೇ ಹೋಗುತ್ತದೆ ಎಂದಿಲ್ಲ. ಕೆಲವೊಮ್ಮೆ ಲೆಕ್ಕವನ್ನು ಸದ್ದಿಲ್ಲದೆ ತಪ್ಪುಮಾಡುತ್ತದೆ, ಆ ತಪ್ಪು ಫೈಲಿನೊಳಗೆ ಸೇರಿಕೊಳ್ಳುತ್ತದೆ, ವಾರಗಳ ಮೇಲೆ ತೆರೆದಾಗಲೇ ಗೊತ್ತಾಗುತ್ತದೆ. “ಇನ್ನೊಬ್ಬರ ಮನೆ ಮದುವೆ ಅದು. ಹೋಯ್ತು ಅಂದ್ರೆ ಮತ್ತೆ ತಾಳಿ ಕಟ್ಟಿಸೋಕಾಗುತ್ತಾ?” ಎಂಬ ಅವರ ಮಾತು ಹುಡುಗನ ಮನಸ್ಸಿನಲ್ಲಿ ಕೂತುಬಿಟ್ಟಿತು.

ತುಮಕೂರಿನಿಂದ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಹೊಸ ಸಾಮಾನು, ಗ್ಯಾರಂಟಿ ಇರುತ್ತೇನೋ?” ಇಲ್ಲ ಎಂದೇ ಅವನು ಉತ್ತರಿಸಿದ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿ ವಾರಂಟಿಗೆ ಒಳಪಡುವುದಿಲ್ಲ. ಮರುವರ್ಷ, 2012ರಲ್ಲಿ, ‘ಕೆ’ ಪ್ರೊಸೆಸರ್‌ಗಳಿಗೆ ಹೆಚ್ಚುವರಿ ಹಣ ಪಡೆದು ಒಂದು ಸಲ ಬದಲಿಸಿಕೊಡುವ ರಕ್ಷಣಾ ಯೋಜನೆಯನ್ನು ಇಂಟೆಲ್ ಪ್ರಯೋಗವಾಗಿ ಆರಂಭಿಸಿತು. ಅವನು ಕೈ ಹಾಕಿದಾಗ ಅದಿನ್ನೂ ಇರಲಿಲ್ಲ.

ಸ್ಯಾಂಡಿ ಬ್ರಿಡ್ಜ್‌ನಲ್ಲಿ ವೇಗದ ಗಣಿತ ಸುಲಭ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 33, ಗುಣಿಸಿದರೆ 3,300. ಹಳೆಯ ಕಾಲದಂತೆ ಬೇಸ್ ಕ್ಲಾಕನ್ನೇ ಏರಿಸುವ ದಾರಿ ಇಲ್ಲಿ ಮುಚ್ಚಿಹೋಗಿತ್ತು. ಪಿಸಿಐ ಎಕ್ಸ್‌ಪ್ರೆಸ್, ಸಾಟಾ ಎಲ್ಲವೂ ಅದೇ ಕ್ಲಾಕಿಗೆ ಕಟ್ಟುಬಿದ್ದಿದ್ದರಿಂದ ಕೆಲವೇ ಶೇಕಡದಷ್ಟು ಸರಿಸಿದರೂ ಬೇರೆಲ್ಲೋ ಎಡವುತ್ತಿತ್ತು. ಹಾಗಾಗಿ ಮುಟ್ಟಬೇಕಾದದ್ದು ಮುಖ್ಯವಾಗಿ ಎರಡನ್ನೇ, ಮಲ್ಟಿಪ್ಲೈಯರ್ ಮತ್ತು ಕೋರ್ ವೋಲ್ಟೇಜ್.

ಶಾಖದ ಗಣಿತ ಅಷ್ಟು ಸುಲಭವಲ್ಲ. ಚಿಪ್ ನುಂಗುವ ವಿದ್ಯುತ್ತು ವೇಗ ಎಷ್ಟು ಏರಿದರೆ ಅಷ್ಟೇ ಏರುತ್ತದೆ, ಆದರೆ ವೋಲ್ಟೇಜಿಗೆ ಅದರ ವರ್ಗದಷ್ಟು ಏರುತ್ತದೆ. ಹುಡುಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಲೆಕ್ಕ ಬರೆದುಕೊಂಡ. 1.20 ವೋಲ್ಟ್‌ನಲ್ಲಿ 3.3 ಗಿಗಾಹರ್ಟ್ಸ್ ಓಡುವುದನ್ನು 1 ಎಂದಿಟ್ಟುಕೊಂಡರೆ, 1.27 ವೋಲ್ಟ್‌ನಲ್ಲಿ 4.2 ಓಡಲು ಸುಮಾರು 1.4 ಪಟ್ಟು ವಿದ್ಯುತ್ತು ಬೇಕು. 1.35 ವೋಲ್ಟ್‌ನಲ್ಲಿ 4.5ಕ್ಕೆ ಹೋದರೆ 1.7 ಪಟ್ಟು ದಾಟುತ್ತದೆ. ಅಂದರೆ 4.2ರಿಂದ 4.5ಕ್ಕೆ ಹೋಗುವ ಕೊನೆಯ ಮೆಟ್ಟಿಲಲ್ಲಿ ವೇಗ ಹೆಚ್ಚುವುದು ನೂರಕ್ಕೆ 7, ಶಾಖ ಹೆಚ್ಚುವುದು ನೂರಕ್ಕೆ 21. ಈ ಎರಡು ಅಂಕಿಗಳ ಕೆಳಗೆ ಅವನು ಕೆಂಪು ಗೆರೆ ಎಳೆದ.

ಪ್ರೊಸೆಸರ್ ಡಬ್ಬದಲ್ಲಿ ಬಂದ ಪುಟ್ಟ ಫ್ಯಾನು ಇಷ್ಟು ಶಾಖಕ್ಕೆ ಸಾಲದು. ಕೂಲರ್ ಮಾಸ್ಟರ್‌ನ ಹೈಪರ್ 212 ಪ್ಲಸ್ ಆಗ ಬಜೆಟ್ಟಿನವರ ಆಯ್ಕೆ. ಪ್ರೊಸೆಸರ್‌ನ ಬೆನ್ನಿಗೆ ನೇರವಾಗಿ ತಾಗುವ ನಾಲ್ಕು ತಾಮ್ರದ ಶಾಖ ಕೊಳವೆಗಳು, ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಗೋಪುರ, ಪಕ್ಕದಲ್ಲಿ 120 ಮಿಲಿಮೀಟರ್ ಫ್ಯಾನು. ಅದನ್ನು ಕೂರಿಸಲು ಮದರ್‌ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಹಿಂಭಾಗಕ್ಕೆ ಲೋಹದ ಪಟ್ಟಿ ಜೋಡಿಸಬೇಕಿತ್ತು. ಥರ್ಮಲ್ ಪೇಸ್ಟ್ ತೆಳ್ಳಗೆ, ಸಮನಾಗಿ ಹರಡಬೇಕು. ಅದು ಇರುವುದು ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗಾಳಿಯ ಸಂದುಗಳನ್ನು ತುಂಬಲು, ದಪ್ಪಗೆ ಹಚ್ಚಿದರೆ ಅದೇ ಶಾಖಕ್ಕೆ ಅಡ್ಡಿಯಾಗುತ್ತದೆ. ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿದ.

ಅಣ್ಣ ಬಂದು ಕೋಣೆಯ ಪ್ಲಗ್ ಪಾಯಿಂಟನ್ನೂ ಪರೀಕ್ಷಿಸಿದರು. ಹಳೆಯ ಬಾಡಿಗೆ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುವುದುಂಟು. ಅದು ಸರಿಯಾಗುವ ತನಕ ವೇಗ, ವೋಲ್ಟೇಜ್ ಬದಲಿಸುವ ಬಯಾಸ್ ತೆರೆಯಲು ಬಿಡಲಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಗಂಟೆಗಟ್ಟಲೆ ಪರೀಕ್ಷೆ ನಡೆಸುವಂತೆಯೂ ಇರಲಿಲ್ಲ.

ಅಷ್ಟಾದ ಮೇಲೆ ಆರಂಭವಾದದ್ದು ವೇಗ ಏರಿಸುವ ಕೆಲಸವಲ್ಲ, ಇರುವ ವೇಗದಲ್ಲೇ ಅಳೆಯುವ ಕೆಲಸ. ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ವೇಗ ಮತ್ತು ವೋಲ್ಟೇಜ್, ಕೋರ್ ಟೆಂಪ್‌ನಲ್ಲಿ ನಾಲ್ಕೂ ಕೋರ್‌ಗಳ ಉಷ್ಣತೆ, ಗೋಡೆಯ ಥರ್ಮಾಮೀಟರ್‌ನಲ್ಲಿ ಕೋಣೆಯ ಉಷ್ಣತೆ. ಸುಮ್ಮನಿರುವಾಗ ಎಷ್ಟು, ಪೂರ್ತಿ ದುಡಿಯುವಾಗ ಎಷ್ಟು. ನೋಟ್‌ಬುಕ್ಕಿನಲ್ಲಿ ಕಂಬ ಸಾಲು ಎಳೆದು ಬರೆದ.

ಪೂರ್ತಿ ದುಡಿಸಲು ಬಳಸಿದ್ದು ಪ್ರೈಮ್95. ಇದರ ಹುಟ್ಟಿಗೂ ಓವರ್‌ಕ್ಲಾಕಿಂಗ್‌ಗೂ ಸಂಬಂಧವಿಲ್ಲ. ಅಮೆರಿಕದ ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯೋಜನೆಯ ತಂತ್ರಾಂಶ ಅದು. ಸಾವಿರಾರು ಜನರ ಕಂಪ್ಯೂಟರ್‌ಗಳು ದಿನಗಟ್ಟಲೆ ಲೆಕ್ಕ ಮಾಡುವಾಗ ಎಲ್ಲೋ ಒಂದು ಬಿಟ್ ತಪ್ಪಿದರೂ ಶ್ರಮವೆಲ್ಲ ವ್ಯರ್ಥ. ಅದಕ್ಕೇ ಯಂತ್ರವನ್ನು ಹಿಂಡಿ ನೋಡುವ ಪರೀಕ್ಷೆಯೂ ಅದರಲ್ಲಿದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಕೊಡುತ್ತಾ ಹೋಗುತ್ತದೆ, ಒಂದು ತಪ್ಪಿದರೂ ಆ ಕೋರ್‌ನ ಕೆಲಸ ನಿಲ್ಲಿಸಿ ತೋರಿಸುತ್ತದೆ. ಪ್ರೊಸೆಸರ್ ಸದ್ದಿಲ್ಲದೆ ಮಾಡುವ ತಪ್ಪನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಆ ಹುಡುಗನಿಗೆ ಸಿಕ್ಕಿರಲಿಲ್ಲ.

ವೋಲ್ಟೇಜ್ ಮುಟ್ಟದೆ ಮಲ್ಟಿಪ್ಲೈಯರ್ ಒಂದೊಂದೇ ಏರಿತು. 34, 35, 36. ಪ್ರತಿ ಮೆಟ್ಟಿಲಿನಲ್ಲೂ ಒಂದು ಚಿಕ್ಕ ಪರೀಕ್ಷೆ, ನೋಟ್‌ಬುಕ್ಕಿನಲ್ಲಿ ಒಂದು ಸಾಲು. 4 ಗಿಗಾಹರ್ಟ್ಸ್ ತಲುಪಿದಾಗಲೂ ಯಂತ್ರ ಜಗ್ಗಲಿಲ್ಲ. ಪರದೆಯ ಮೇಲೆ ಆ ಅಂಕಿ ಕಂಡಾಗ ಕೋಣೆಯಲ್ಲಿ ಅವನು ಒಬ್ಬನೇ ಕುಣಿದದ್ದೂ ಉಂಟು. 42ಕ್ಕೆ ಹೋದಾಗ ಪರದೆ ನೀಲಿಯಾಯಿತು, ಕೆಳಗೆ 124 ಎಂದು ಕೊನೆಯಾಗುವ ಸಂಖ್ಯೆ. ಹಾರ್ಡ್‌ವೇರ್ ತಿದ್ದಲಾಗದ ದೋಷ ಕಂಡಾಗ ವಿಂಡೋಸ್ ಕೊಡುವ ಸಂಕೇತ ಅದು. ಈ ಪೀಳಿಗೆಯಲ್ಲಿ ಬಹಳಷ್ಟು ಸಲ ವೋಲ್ಟೇಜ್ ಸಾಲುತ್ತಿಲ್ಲ ಎಂಬುದೇ ಅದರ ಅರ್ಥ. ಬಯಾಸ್‌ನಲ್ಲಿ ಅತಿ ಸಣ್ಣ ಹೆಜ್ಜೆಯಷ್ಟು ವೋಲ್ಟೇಜ್ ಏರಿಸಿದ, ಮತ್ತೆ ಪರೀಕ್ಷೆ. ಸಾಲದಿದ್ದರೆ ಇನ್ನೊಂದು ಹೆಜ್ಜೆ. ಅಣ್ಣನ ಕಟ್ಟಪ್ಪಣೆ ಒಂದೇ ಇತ್ತು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮಲ್ಟಿಪ್ಲೈಯರ್, ವೋಲ್ಟೇಜ್, ಮೆಮೊರಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕೆಟ್ಟಿತು, ಯಾವುದರಿಂದ ಸರಿಹೋಯಿತು ಎಂದು ಹೇಳುವವರೇ ಇರುವುದಿಲ್ಲ.

‘ಆಟೊ’ ಎಂಬ ಸೆಟ್ಟಿಂಗನ್ನು ನಂಬಬಾರದು ಎಂಬುದೂ ಆಗ ತಿಳಿಯಿತು. ಮಲ್ಟಿಪ್ಲೈಯರ್ ಏರಿಸಿ ವೋಲ್ಟೇಜನ್ನು ಬೋರ್ಡಿನ ಇಷ್ಟಕ್ಕೆ ಬಿಟ್ಟರೆ ಅದು ಧಾರಾಳವಾಗಿ, ಬೇಕಾದ್ದಕ್ಕಿಂತ ಹೆಚ್ಚೇ ಬಡಿಸುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಸೆಟ್ಟಿಂಗಿನದೂ ಇಂಥದೇ ಸಂಗತಿ. ಪ್ರೊಸೆಸರ್ ಮೇಲೆ ಭಾರ ಬಿದ್ದಾಗ ವೋಲ್ಟೇಜ್ ತುಸು ಕುಸಿಯುವುದು ಕೊರತೆಯಲ್ಲ, ವಿನ್ಯಾಸಕಾರರು ಬೇಕೆಂದೇ ಇಟ್ಟದ್ದು. ಭಾರ ಥಟ್ಟನೆ ಇಳಿದ ಗಳಿಗೆಯಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆ ಮಿತಿ ಮೀರದಿರಲಿ ಎಂದು. ಲೋಡ್‌ಲೈನನ್ನು ತುತ್ತತುದಿಗೆ ಇಟ್ಟು ಆ ಕುಸಿತವನ್ನೇ ಅಳಿಸಿದರೆ ರಕ್ಷಣೆಯೂ ಅಳಿಸಿಹೋಗುತ್ತದೆ. ಅವನು ಮಧ್ಯದ ಹಂತದಲ್ಲಿ ನಿಲ್ಲಿಸಿದ.

ಹೆಚ್ಚು ವೋಲ್ಟೇಜಿನಿಂದ ಪ್ರೊಸೆಸರ್ ಆ ಕ್ಷಣವೇ ಸಾಯುವುದು ಅಪರೂಪ. ನಿಧಾನವಾಗಿ ಸವೆಯುವುದೇ ನಿಜವಾದ ಅಪಾಯ. ಚಿಪ್‌ನೊಳಗಿನ ಅತಿ ಸಣ್ಣ ಲೋಹದ ಎಳೆಗಳಲ್ಲಿ ಹರಿಯುವ ಎಲೆಕ್ಟ್ರಾನ್‌ಗಳು ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ, ಎಲ್ಲೋ ಒಂದೆಡೆ ಎಳೆ ತೆಳುವಾಗಿ ಕಡಿಯುತ್ತದೆ. ಎಲೆಕ್ಟ್ರೋಮೈಗ್ರೇಷನ್ ಎನ್ನುವ ಈ ಸವೆತಕ್ಕೆ ಮೋಟೊರೋಲಾದ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲೇ ಸಮೀಕರಣ ಕೊಟ್ಟಿದ್ದರು. ವಿದ್ಯುತ್ ಪ್ರವಾಹದ ಸಾಂದ್ರತೆ ಹೆಚ್ಚಿದಂತೆ ಅದರ ವರ್ಗದ ಪ್ರಮಾಣದಲ್ಲಿ ಆಯುಷ್ಯ ಇಳಿಯುತ್ತದೆ, ಉಷ್ಣತೆ ಏರಿದಂತೆ ಇನ್ನೂ ಕಡಿದಾಗಿ ಇಳಿಯುತ್ತದೆ. ಪೆಂಟಿಯಂ 4ರ ನಾರ್ತ್‌ವುಡ್ ಚಿಪ್‌ಗಳನ್ನು 1.7 ವೋಲ್ಟ್ ದಾಟಿಸಿ ಓಡಿಸಿದವರು ಅವು ಇದ್ದಕ್ಕಿದ್ದಂತೆ ಸತ್ತದ್ದನ್ನು ಕಂಡಿದ್ದರು. 2500ಕೆಯನ್ನು ದಿನನಿತ್ಯ ಬಳಸುವವರು 1.35 ವೋಲ್ಟ್‌ನ ಆಸುಪಾಸಿನಲ್ಲೇ ನಿಲ್ಲಿ ಎನ್ನುತ್ತಿದ್ದುದು ಈ ಅನುಭವದಿಂದ.

ಶಾಖದ ವಿಷಯಕ್ಕೆ ಬಂದರೆ ಪ್ರೊಸೆಸರ್‌ಗೆ ತನ್ನದೇ ಕಾವಲು ಇದೆ. 98 ಡಿಗ್ರಿ ಮುಟ್ಟಿದರೆ 2500ಕೆ ತಾನಾಗಿ ವೇಗ ತಗ್ಗಿಸುತ್ತದೆ. ಈ ಕಾವಲಿನ ಬೆಲೆ ಏನೆಂದು 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಚಿತ್ರಿಸಿ ತೋರಿಸಿತ್ತು. ಓಡುತ್ತಿರುವಾಗಲೇ ಹೀಟ್‌ಸಿಂಕ್ ಕಿತ್ತರೆ ಪೆಂಟಿಯಂ 4 ನಿಧಾನಗೊಂಡು ಬದುಕಿತು, ಆ ಕಾಲದ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಹಾಗೆಂದು 98ರ ಹತ್ತಿರವೇ ಬದುಕುವಂತಿಲ್ಲ. ಕಾವಲು ಆಪತ್ತಿಗೆ, ಸಂಸಾರಕ್ಕಲ್ಲ. ಅಣ್ಣ ಹಾಕಿಕೊಟ್ಟ ಗೆರೆ 80 ಡಿಗ್ರಿ.

ನೋಟ್‌ಬುಕ್ಕಿನ ಕೊನೆಯ ಕಂಬಸಾಲು, ಕೋಣೆಯ ಉಷ್ಣತೆ, ಈಗ ತನ್ನ ಮಹತ್ವ ತೋರಿಸಿತು. ಆ ಕಾಲದಲ್ಲಿ ಸಿಗುತ್ತಿದ್ದ ಮಾರ್ಗದರ್ಶಿಗಳೆಲ್ಲ ಹೊರದೇಶದವು, ಅಲ್ಲಿನ ಕೋಣೆ 20ರಿಂದ 22 ಡಿಗ್ರಿ. ಕೂಲರ್ ಎಷ್ಟೇ ಒಳ್ಳೆಯದಾದರೂ ಪ್ರೊಸೆಸರ್ ಅನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲಿರುತ್ತದೆ ಎಂಬುದಷ್ಟೇ ಅದರ ಕೈಯಲ್ಲಿ. ಅವನ ಯಂತ್ರ 4.2ರಲ್ಲಿ, 1.27 ವೋಲ್ಟ್‌ನಲ್ಲಿ, ಪೂರ್ತಿ ದುಡಿಯುವಾಗ ಕೋಣೆಗಿಂತ ಸುಮಾರು 40 ಡಿಗ್ರಿ ಮೇಲಿರುತ್ತಿತ್ತು. ಬೆಳಗಿನ ಜಾವ ಕೋಣೆ 24 ಇದ್ದಾಗ ಪ್ರೊಸೆಸರ್ 64. ಏಪ್ರಿಲ್ ಮಧ್ಯಾಹ್ನ, ನೆತ್ತಿಯ ಮೇಲೆ ಕಾದ ಆರ್‌ಸಿಸಿ ಚಾವಣಿ, ಕೋಣೆ 35, ಪ್ರೊಸೆಸರ್ 75. ವೇಗವೂ ಅದೇ, ವೋಲ್ಟೇಜೂ ಅದೇ. 4.5ಕ್ಕೆ ಏರಿಸಿ ಬೆಳಿಗ್ಗೆ ನೋಡಿದಾಗ 76 ತೋರಿಸುತ್ತಿದ್ದದ್ದು ಮಧ್ಯಾಹ್ನ 87 ಆಗುತ್ತಿತ್ತು. ಬೆಳಗಿನ ಪರೀಕ್ಷೆಯಲ್ಲಿ ಪಾಸಾದದ್ದು ಮಧ್ಯಾಹ್ನ ಗೆರೆ ದಾಟುತ್ತಿತ್ತು.

“ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಅವರ ಹಾಸಿಗೆ ಬೇರೆ, ನಿನ್ನ ಹಾಸಿಗೆ ಬೇರೆ. ಕಲಬುರಗಿಯಲ್ಲಿ ಇದ್ದಿದ್ರೆ ಇನ್ನೂ ಚಿಕ್ಕದಾಗ್ತಿತ್ತು” ಎಂದರು ಅಣ್ಣ. ಕಲಬುರಗಿ, ರಾಯಚೂರು, ಬಳ್ಳಾರಿಯ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಬೆಂಗಳೂರಿನಲ್ಲಿ ಹಾಯಾಗಿ ಓಡುವ ಸೆಟ್ಟಿಂಗ್ ಅಲ್ಲಿ ಹೇಗೆ ನಡೆಯುತ್ತದೆಂದು ಅಲ್ಲೇ ಅಳೆದು ನೋಡಬೇಕು.

ಅವನು 4.2ಕ್ಕೆ ನಿಂತ. ಪ್ರೈಮ್95 ರಾತ್ರಿಯಿಡೀ ಓಡಿತು, ಮೆಮೊರಿಗೆ ಮೆಮ್‌ಟೆಸ್ಟ್86 ಪ್ರತ್ಯೇಕವಾಗಿ ಓಡಿತು. ಕೊನೆಯ ಪರೀಕ್ಷೆ ಅವನ ಕಸುಬಿನದೇ. ಹಳೆಯದೊಂದು ಮದುವೆ ವಿಡಿಯೊದ ಪ್ರತಿಯನ್ನು ಸೆಕೆ ಹೆಚ್ಚಿರುವ ಹೊತ್ತಿನಲ್ಲಿ ಪೂರ್ತಿ ಪರಿವರ್ತಿಸಿ, ಮೊದಲಿಂದ ಕೊನೆಯವರೆಗೆ ಕೂತು ನೋಡಿದ. ಆ ಮೇಲೆಯೇ ಬೀರುವಿನಲ್ಲಿದ್ದ ಹಾರ್ಡ್‌ಡಿಸ್ಕ್ ಹೊರಬಂತು.

3.3ರಿಂದ 4.2 ಎಂದರೆ ನೂರಕ್ಕೆ 27ರಷ್ಟು ಏರಿಕೆ. ನಾಲ್ಕೂ ಕೋರ್‌ಗಳನ್ನು ತುಂಬಿ ದುಡಿಸುವ ವಿಡಿಯೊ ಪರಿವರ್ತನೆಯಲ್ಲಿ ಇದು ಹೆಚ್ಚುಕಡಿಮೆ ಹಾಗೆಯೇ ಕೈಗೆ ಸಿಗುತ್ತದೆ, ಒಂದು ಗಂಟೆಯ ಕೆಲಸ 47 ನಿಮಿಷಗಳ ಆಸುಪಾಸಿಗೆ ಇಳಿಯುತ್ತದೆ. ಫೋಲ್ಡರ್ ತೆರೆಯುವುದು, ಫೈಲ್ ನಕಲು ಮಾಡುವುದು, ವಿಂಡೋಸ್ ಏಳುವುದು ಇವು ಯಾವುವೂ ಬದಲಾಗಲಿಲ್ಲ. ಅವುಗಳಿಗೆ ಅಡ್ಡಿಯಿದ್ದದ್ದು ಹಾರ್ಡ್‌ಡಿಸ್ಕ್, ಪ್ರೊಸೆಸರ್ ಅಲ್ಲ. ಯಾವ ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ಗುರುತಿಸುವ ಕಣ್ಣು ಅವನಿಗೆ ಬಂದದ್ದು ಹೀಗೆ. ಮುಂದೆ ಉದ್ಯೋಗದಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವಾಗ ಅವನನ್ನು ಕಾಪಾಡಿದ್ದೂ ಆ ಕಣ್ಣೇ.

ಈಗಿನ ಪ್ರೊಸೆಸರ್‌ಗಳು ಬಹುಪಾಲು ತಾವೇ ಓವರ್‌ಕ್ಲಾಕ್ ಮಾಡಿಕೊಳ್ಳುತ್ತವೆ. 2008ರ ಕೋರ್ ಐ7ನೊಂದಿಗೆ ಬಂದ ಟರ್ಬೊ ಬೂಸ್ಟ್‌ನಿಂದ ಹಿಡಿದು ಎಎಂಡಿಯ ಪ್ರಿಸಿಷನ್ ಬೂಸ್ಟ್‌ವರೆಗೆ, ಶಾಖ ಮತ್ತು ವಿದ್ಯುತ್ತಿನಲ್ಲಿ ಉಳಿದಿರುವ ಜಾಗವನ್ನು ಚಿಪ್ ತಾನೇ ಕ್ಷಣಕ್ಷಣವೂ ಅಳೆದು ಬಳಸಿಕೊಳ್ಳುತ್ತದೆ. ಬಳಕೆದಾರನಿಗೆ ಉಳಿದಿರುವುದು ಕಡಿಮೆ. ರೈಝನ್ 5000 ಸರಣಿಯಿಂದ ಬಂದ ಕರ್ವ್ ಆಪ್ಟಿಮೈಝರ್‌ನಲ್ಲಿ ಜಾಣರು ವೋಲ್ಟೇಜನ್ನು ಏರಿಸುವುದಿಲ್ಲ, ಇಳಿಸುತ್ತಾರೆ. ತಣ್ಣಗಾದ ಚಿಪ್ ತಾನಾಗಿ ವೇಗ ಪಡೆಯುತ್ತದೆ. ಸೆಕೆಯ ನಾಡಿಗೆ ಇದಕ್ಕಿಂತ ಒಪ್ಪುವ ವಿಧಾನ ಬೇರೆ ಇಲ್ಲ.

ವೋಲ್ಟೇಜಿನ ಪಾಠ ಹಳತಾಗಿಲ್ಲ ಎಂಬುದಕ್ಕೆ 2024 ಸಾಕ್ಷಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಸ್ಥಿರವಾಗತೊಡಗಿದವು. ಮೈಕ್ರೊಕೋಡ್‌ನ ದೋಷದಿಂದ ಅವು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದವು ಎಂದು ಕಂಪನಿ ತಿಳಿಸಿ, ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ.

ಮೊದಲ ಸಲ ಕೈ ಹಾಕುವ ಓದುಗರಲ್ಲಿ ಒಂದು ಕೋರಿಕೆ. ಬೆಲೆಬಾಳುವ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ ಬಿಚ್ಚಿಡಿ. ಬೋರ್ಡಿನ ಬಯಾಸ್ ಅನ್ನು ಹೊಸ ಆವೃತ್ತಿಗೆ ಏರಿಸಿಕೊಳ್ಳಿ, ಸಿಮೋಸ್ ಅಳಿಸುವುದನ್ನು ಮೊದಲೇ ಕಲಿಯಿರಿ. ಇರುವ ವೇಗದಲ್ಲಿ ಎಲ್ಲವನ್ನೂ ಅಳೆದು ಕಾಗದದ ಮೇಲೆ ಬರೆದಿಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬೇರೆಯವರು ಹೇಳಿದ ಅಂಕಿಯನ್ನು ನೇರವಾಗಿ ಬಯಾಸ್‌ಗೆ ತುಂಬಬೇಡಿ. ಚಳಿಗಾಲದಲ್ಲಿ ಸರಿಹೋದ ಸೆಟ್ಟಿಂಗನ್ನು ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮದೇ ಕೋಣೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಆಗ ಪ್ರೊಸೆಸರ್ 80 ಡಿಗ್ರಿ ದಾಟಿದರೆ ಮಲ್ಟಿಪ್ಲೈಯರ್ ಒಂದು ಮೆಟ್ಟಿಲು ಇಳಿಸಿ, ಇನ್ನೊಮ್ಮೆ ಅಳೆಯಿರಿ.